ಎರಡು ಗ್ರಾಂ ಕೊಬ್ಬಿನಲ್ಲಿ ಆರು ತಿಂಗಳು

ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಉತ್ತರ ಅಮೆರಿಕದಲ್ಲಿ ಪುಟ್ಟ ಕಂದು ಬಾವಲಿ ಅಂತ ಒಂದು ಜಾತಿ ಇದೆ. ಬೇಸಗೆಯಲ್ಲಿ ಅದರ ತೂಕ ಸುಮಾರು ಏಳು ಗ್ರಾಂ. ಶರತ್ಕಾಲದಲ್ಲಿ ರಾತ್ರಿಯಿಡೀ ಹುಳು ಹಿಡಿದು ತಿಂದು, ಮೈಗೆ ಇನ್ನೊಂದು ಎರಡು ಗ್ರಾಂ ಕೊಬ್ಬು ಸೇರಿಸಿಕೊಂಡು ಅಕ್ಟೋಬರ್ ನಡುವಿನ ಹೊತ್ತಿಗೆ ಗುಹೆಯನ್ನೋ ಹಳೆಯ ಗಣಿಯನ್ನೋ ಸೇರುತ್ತದೆ. ಹೊರಗೆ ಬರುವುದು ಏಪ್ರಿಲ್‌ನಲ್ಲಿ. ನಡುವಿನ ಆರು ತಿಂಗಳು ಹೊರಗೆಲ್ಲ ಹಿಮ. ಹಾರುವ ಹುಳು ಒಂದೂ ಸಿಗದು. ಇಲಿ, ಅಳಿಲುಗಳಂತೆ ಕಾಳು ಕೂಡಿಡುವ ಹಾಗೂ ಇಲ್ಲ, ಏಕೆಂದರೆ ಇದರ ಆಹಾರ ಜೀವಂತ ಕೀಟ. ಇರುವುದು ಆ ಎರಡು ಗ್ರಾಂ ಮಾತ್ರ. ಅದು ಎಲ್ಲಿ ಖರ್ಚಾಗುತ್ತದೆ, ಎಲ್ಲಿ ಉಳಿಯುತ್ತದೆ, ಯಾರ ತಪ್ಪಿನಿಂದ ಸೋರಿಹೋಗುತ್ತದೆ ಎನ್ನುವುದೇ ಇವತ್ತಿನ ವಿಷಯ.

ಮುಳ್ಳಯ್ಯನಗಿರಿಯ ಬುಡದಲ್ಲಿ ಕೂತು ನ್ಯೂಯಾರ್ಕ್, ಇಂಡಿಯಾನಾ ಕಡೆಯ ಬಾವಲಿಯ ಮಾತೇಕೆ ಅಂತ ನಿಮಗೆ ಅನ್ನಿಸಬಹುದು. ಶಿಶಿರನಿದ್ರೆಯ ಲೆಕ್ಕ ಪೂರ್ತಿಯಾಗಿ ಸಿಕ್ಕಿರುವುದು ಆ ಬಾವಲಿಗಳಿಂದ. ನಮ್ಮ ಮನೆಯ ಹೆಂಚಿನ ಸಂದಿಯಲ್ಲಿರುವ ಕಣ್ಕಪ್ಪಡಿಗಳು, ಅಂದರೆ ಪುಟ್ಟ ಬಾವಲಿಗಳು, ಅದೇ ಉಪಾಯವನ್ನು ತಿಂಗಳುಗಟ್ಟಲೆ ಅಲ್ಲ, ಗಂಟೆಗಳ ಮಟ್ಟಿಗೆ ಬಳಸುತ್ತವೆ. ದೊಡ್ಡ ಲೆಕ್ಕ ತಿಳಿದರೆ ಚಿಕ್ಕ ಲೆಕ್ಕ ತಾನಾಗಿ ಅರ್ಥವಾಗುತ್ತದೆ.

ಮೊದಲು, ಇಷ್ಟು ಕಷ್ಟ ಏಕೆ ಎನ್ನುವುದನ್ನು ನೋಡೋಣ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಶಾಖ ಬೇಗ ಕಳೆದುಹೋಗುತ್ತದೆ. ಬಾವಲಿಗೆ ಇದರ ಮೇಲೆ ಕೂದಲಿಲ್ಲದ, ರಕ್ತನಾಳ ತುಂಬಿದ ದೊಡ್ಡ ರೆಕ್ಕೆ ಬೇರೆ. ಐದು ಡಿಗ್ರಿ ಚಳಿಯ ಗುಹೆಯಲ್ಲಿ ಮೈಯನ್ನು 37 ಡಿಗ್ರಿಯಲ್ಲೇ ಇಟ್ಟುಕೊಂಡು ಎಚ್ಚರವಾಗಿ ಕೂತರೆ ಎರಡು ಗ್ರಾಂ ಕೊಬ್ಬು ಕೆಲವೇ ದಿನಕ್ಕೆ ಮುಗಿದುಹೋಗುತ್ತದೆ. ಆದ್ದರಿಂದ ಅದು ಮೈಯನ್ನು ಬಿಸಿ ಇಡುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಇದು ನಾವು ನೀವು ಮಾಡುವ ನಿದ್ದೆ ಅಲ್ಲ. ನಿದ್ದೆಯಲ್ಲಿ ನಮ್ಮ ಮೈಬಿಸಿ ಒಂದು ಡಿಗ್ರಿಯಷ್ಟು ಇಳಿದರೆ ಹೆಚ್ಚು. ಇಲ್ಲಿ ಬಾವಲಿಯ ಮೈ ಗುಹೆಯ ಗಾಳಿಗಿಂತ ಒಂದೆರಡು ಡಿಗ್ರಿಯಷ್ಟೇ ಮೇಲಿರುತ್ತದೆ. ಗೋಡೆ ಐದು ಡಿಗ್ರಿ ಇದ್ದರೆ ಬಾವಲಿ ಆರು ಅಥವಾ ಏಳು. ಹಾರುವಾಗ ನಿಮಿಷಕ್ಕೆ ಸಾವಿರದ ಆಸುಪಾಸು ಬಡಿಯುತ್ತಿದ್ದ ಹೃದಯ ಹತ್ತರಿಂದ ಇಪ್ಪತ್ತು ಬಡಿತಕ್ಕೆ ಬರುತ್ತದೆ. ಉಸಿರು ಒಂದೇ ಸಮನೆ ಇರುವುದಿಲ್ಲ. ಕೆಲವು ಉಸಿರು ಒಟ್ಟಿಗೆ, ಆಮೇಲೆ ಹತ್ತಾರು ನಿಮಿಷ ಏನೂ ಇಲ್ಲ. ಹೊರಗಿನಿಂದ ನೋಡಿದವರು ಸತ್ತಿದೆ ಅನ್ನುತ್ತಾರೆ. ಒಟ್ಟು ಚಯಾಪಚಯ ಎಚ್ಚರದ ಹೊತ್ತಿನದರ ನೂರಕ್ಕೆ ಒಂದರಿಂದ ಐದು ಭಾಗಕ್ಕೆ ಇಳಿದಿರುತ್ತದೆ. ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಟಾರ್ಪರ್ ಎನ್ನುತ್ತಾರೆ. ನಾನು ಜಡಸ್ಥಿತಿ ಅನ್ನುತ್ತೇನೆ. ದಿನಗಟ್ಟಲೆ, ವಾರಗಟ್ಟಲೆ ನಡೆಯುವ ಜಡಸ್ಥಿತಿಗಳು ಒಂದರ ಹಿಂದೊಂದು ಬಂದು ಇಡೀ ಚಳಿಗಾಲವನ್ನು ದಾಟಿಸಿದರೆ ಅದು ಶಿಶಿರನಿದ್ರೆ.

ಇಷ್ಟು ತಣ್ಣಗಾದರೆ ಮೈಯೊಳಗಿನ ಕೊಬ್ಬು ಹೆಪ್ಪುಗಟ್ಟುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಡಿಸೆಂಬರ್ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಪಕ್ಕದ ಸೂರ್ಯಕಾಂತಿ ಎಣ್ಣೆ ನೀರಾಗಿಯೇ ಇರುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲೆಯಿಕ್ ಆಮ್ಲದಂಥ ಅಪರ್ಯಾಪ್ತ ಕೊಬ್ಬು ಹೆಚ್ಚು ಇರುವುದು ಅದಕ್ಕೆ ಕಾರಣ. ಶಿಶಿರನಿದ್ರೆ ಮಾಡುವ ಪ್ರಾಣಿಗಳ ಕೊಬ್ಬಿನಲ್ಲೂ ಜೀವಕೋಶದ ಪೊರೆಗಳಲ್ಲೂ ಈ ಬಗೆಯದಕ್ಕೆ ದೊಡ್ಡ ಪಾಲು. ಸ್ತನಿಗಳ ಮೈ ಅದನ್ನು ತಾನೇ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಅಂದರೆ ಶರತ್ಕಾಲದಲ್ಲಿ ಎಷ್ಟು ತಿಂದಿತು ಎನ್ನುವುದರ ಜೊತೆಗೆ ಯಾವ ಹುಳು ತಿಂದಿತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ನೇತಾಡುವುದಕ್ಕೂ ಶಕ್ತಿ ಬೇಡವೇ ಅಂತ ಕೇಳುವವರಿದ್ದಾರೆ. ಬೇಡ. ಬಾವಲಿಯ ಕಾಲ್ಬೆರಳಿನ ಸ್ನಾಯುರಜ್ಜುವಿನ ಮೇಲೆ ಸಣ್ಣ ಸಣ್ಣ ಉಬ್ಬುಗಳಿವೆ, ಅದನ್ನು ಸುತ್ತಿದ ಕವಚದ ಒಳಮೈಯಲ್ಲಿ ಮಡಿಕೆಗಳಿವೆ. ಮೈಭಾರ ಕೆಳಗೆ ಜಗ್ಗಿದ ಕೂಡಲೇ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಉಗುರು ಬಿಗಿಯಾಗುತ್ತದೆ. ಸ್ನಾಯು ಬಿಗಿಹಿಡಿಯುವ ಕೆಲಸವೇ ಇಲ್ಲ. ಸತ್ತ ಬಾವಲಿಯೂ ನೇತಾಡುತ್ತಲೇ ಇರುವುದು ಇದರಿಂದ. ಶಕ್ತಿ ಬೇಕಾಗುವುದು ಹಿಡಿತ ಬಿಡುವುದಕ್ಕೆ.

ಮೈ ಮಡಚುವ ರೀತಿಯಲ್ಲೂ ಉಳಿತಾಯ ಇದೆ. ಕುದುರೆಲಾಳ ಬಾವಲಿಗಳು ರೆಕ್ಕೆಯನ್ನು ಕಂಬಳಿ ಹೊದ್ದಂತೆ ಮೈಸುತ್ತ ಸುತ್ತಿಕೊಳ್ಳುತ್ತವೆ. ಕಂದು ಬಾವಲಿಯ ಬಳಗದವು ರೆಕ್ಕೆಯನ್ನು ಪಕ್ಕಕ್ಕೆ ಮಡಚಿ ಬಿರುಕಿಗೆ ಒತ್ತಿಕೊಳ್ಳುತ್ತವೆ. ಯುರೋಪಿನ ಉದ್ದಗಿವಿ ಬಾವಲಿಯ ಕಿವಿ ಹೆಚ್ಚುಕಡಿಮೆ ಅದರ ಮೈಯಷ್ಟೇ ಉದ್ದ. ಅಷ್ಟು ದೊಡ್ಡ ಕಿವಿ ಬಿಟ್ಟುಕೊಂಡು ಕೂತರೆ ಶಾಖವೂ ತೇವವೂ ಸೋರುತ್ತವೆ. ಅದು ಕಿವಿಯನ್ನು ಹಿಂದಕ್ಕೆ ಮಡಚಿ ರೆಕ್ಕೆಯಡಿ ತುರುಕಿಕೊಳ್ಳುತ್ತದೆ. ಹೊರಗೆ ಕಾಣುವುದು ಕಿವಿಯ ಬಾಯಲ್ಲಿರುವ ಚೂಪು ಎಸಳು ಮಾತ್ರ.

ಈಗ ಜಾಗದ ಆಯ್ಕೆಗೆ ಬರೋಣ. ತಣ್ಣಗಿದ್ದಷ್ಟೂ ಖರ್ಚು ಕಡಿಮೆ ಎನ್ನುವುದು ಒಂದು ಮಿತಿಯವರೆಗೆ ಮಾತ್ರ ನಿಜ. ಪುಟ್ಟ ಕಂದು ಬಾವಲಿಗೆ ಸುಮಾರು ಎರಡು ಡಿಗ್ರಿಯಲ್ಲಿ ಖರ್ಚು ಅತಿ ಕಡಿಮೆ. ಅಲ್ಲಿಂದ ಕೆಳಗೆ ಹೋದರೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಮೈ ಮತ್ತೆ ಶಾಖ ಉತ್ಪಾದಿಸಬೇಕು, ಖರ್ಚು ಏರುತ್ತದೆ. ಮೇಲೆ ಹೋದರೆ ಜೀವಕೋಶಗಳ ಕೆಲಸ ತಾನಾಗಿ ಚುರುಕಾಗಿ ಕೊಬ್ಬು ಬೇಗ ಕರಗುತ್ತದೆ. ಎರಡರಿಂದ ಹತ್ತು ಡಿಗ್ರಿಯ ನಡುವೆ ಇರುವ, ಚಳಿಗಾಲವಿಡೀ ಏರುಪೇರಾಗದ ಜಾಗ ಬೇಕು. ಅಂಥ ಗುಹೆಗಳು ಹೆಚ್ಚಿಲ್ಲ. ಅದಕ್ಕೇ ನೂರಾರು ಚದರ ಕಿಲೋಮೀಟರಿನ ಬಾವಲಿಗಳೆಲ್ಲ ಒಂದೇ ಗುಹೆಗೆ ಬಂದು ಸೇರುತ್ತವೆ, ಅದಕ್ಕೇ ಆ ಒಂದು ಗುಹೆಗೆ ತೊಂದರೆಯಾದರೆ ಇಡೀ ಸೀಮೆಯ ಬಾವಲಿ ಹೋಗುತ್ತದೆ.

ಇಂಡಿಯಾನಾ ರಾಜ್ಯದ ವೈಯಾಂಡಾಟ್ ಗುಹೆಯ ಉದಾಹರಣೆ ನೋಡಿ. ಜನರ ಓಡಾಟಕ್ಕೆ ತಡೆಯಾಗಲಿ ಅಂತ ಗುಹೆಯ ಬಾಯಿಗೆ ಕಲ್ಲಿನ ಗೋಡೆ ಕಟ್ಟಿ ಬಾಗಿಲಿಟ್ಟರು. ಬಾವಲಿಯನ್ನು ಯಾರೂ ಮುಟ್ಟಲಿಲ್ಲ. ಆದರೆ ಹೊರಗಿನ ತಣ್ಣನೆ ಗಾಳಿ ಒಳಗೆ ಇಳಿಯುವುದು ಕಡಿಮೆಯಾಯಿತು, ಗುಹೆ ಕೆಲವು ಡಿಗ್ರಿ ಬೆಚ್ಚಗಾಯಿತು, ಬಾವಲಿಗಳ ತೂಕ ಬೇಗ ಇಳಿಯತೊಡಗಿತು, ಸಂಖ್ಯೆ ಕುಸಿಯಿತು. ಗೋಡೆ ತೆಗೆದ ಮೇಲೆ ಮತ್ತೆ ಏರಿತು. ರಕ್ಷಣೆಗೆಂದು ಜಾಲರಿ, ಬಾಗಿಲು ಹಾಕುವವರು ಗಾಳಿಯ ಹಾದಿಯನ್ನು ಮೊದಲು ನೋಡಬೇಕು ಎನ್ನುವುದನ್ನು ಆಮೇಲೆ ಎಲ್ಲರೂ ಕಲಿತರು. ಈಗ ಅಡ್ಡ ಸರಳುಗಳ ಗೇಟು ಹಾಕುತ್ತಾರೆ. ಗಾಳಿಯೂ ಬಾವಲಿಯೂ ದಾಟಬಹುದು, ಮನುಷ್ಯ ದಾಟಲಾರ.

ತಾಪದಷ್ಟೇ ಮುಖ್ಯ ತೇವ. ನಾವು ಯಾವಾಗಲೂ ಚಳಿಯ ಮಾತನ್ನೇ ಆಡುತ್ತೇವೆ, ಆದರೆ ಜಡಸ್ಥಿತಿಯ ಬಾವಲಿಗೆ ಬಾಯಾರಿಕೆಯೂ ಶತ್ರು. ರೆಕ್ಕೆಯ ತೊಗಲಿನಿಂದ ನೀರು ಆರಿಹೋಗುತ್ತಲೇ ಇರುತ್ತದೆ. ಒಂದು ಗ್ರಾಂ ಕೊಬ್ಬು ಉರಿದರೆ ಒಂದು ಗ್ರಾಂಗಿಂತ ತುಸು ಹೆಚ್ಚೇ ನೀರು ಮೈಯೊಳಗೆ ಹುಟ್ಟುತ್ತದೆ ನಿಜ, ಆದರೆ ಅಷ್ಟು ನಿಧಾನ ಉರಿಯುವಾಗ ಅದು ಸಾಲುವುದು ಗಾಳಿ ಒದ್ದೆಯಾಗಿದ್ದರೆ ಮಾತ್ರ. ಆದ್ದರಿಂದ ಶೇಕಡ 90ಕ್ಕೂ ಮೀರಿದ ತೇವವಿರುವ ಮೂಲೆಗಳಿಗೆ ಬೇಡಿಕೆ. ಕೆಲವು ಜಾತಿಗಳು ಒಂಟಿಯಾಗಿ ನೇತಾಡುತ್ತ, ಮೈತುಂಬ ಇಬ್ಬನಿ ಹನಿ ಹೊತ್ತು ದೀಪದ ಬೆಳಕಿಗೆ ಹೊಳೆಯುತ್ತವೆ. ಇಂಡಿಯಾನಾ ಬಾವಲಿ ಇನ್ನೊಂದು ದಾರಿ ಹಿಡಿದಿದೆ: ಒಂದು ಚದರ ಮೀಟರಿಗೆ ಮೂರು ಸಾವಿರದಷ್ಟು ಒತ್ತೊತ್ತಾಗಿ ಗುಂಪುಗಟ್ಟುತ್ತದೆ. ಮೈಗೆ ಮೈ ತಾಗಿದರೆ ಗಾಳಿಗೆ ತೆರೆದ ಚರ್ಮ ಕಡಿಮೆ, ನೀರೂ ಶಾಖವೂ ಕಡಿಮೆ ಸೋರುತ್ತವೆ.

ಇಷ್ಟೆಲ್ಲ ಉಳಿತಾಯ ಮಾಡಿದ ಮೇಲೆ ಕೊಬ್ಬು ಖರ್ಚಾಗುವುದು ಎಲ್ಲಿ? ಎಚ್ಚರವಾಗುವುದರಲ್ಲಿ.

ಶಿಶಿರನಿದ್ರೆ ಅಂದರೆ ಆರು ತಿಂಗಳು ಒಂದೇ ಸಮನೆ ಮಲಗುವುದಲ್ಲ. ಪುಟ್ಟ ಕಂದು ಬಾವಲಿ ಸುಮಾರು ಎರಡು ವಾರಕ್ಕೊಮ್ಮೆ ತಾನಾಗಿ ಎಚ್ಚರವಾಗುತ್ತದೆ. ಹೆಗಲೆಲುಬುಗಳ ನಡುವೆ ಕಂದು ಕೊಬ್ಬಿನ ಒಂದು ಗಂಟು ಇದೆ. ಸಾಮಾನ್ಯ ಬಿಳಿ ಕೊಬ್ಬು ಉಗ್ರಾಣವಾದರೆ ಇದು ಒಲೆ. ಇದರ ಮೈಟೊಕಾಂಡ್ರಿಯಾಗಳಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗಗಳಲ್ಲಿ, ಇರುವ ಒಂದು ಪ್ರೊಟೀನು, ಬೇರೆ ಕೆಲಸಕ್ಕೆ ಹೋಗಬೇಕಾದ ಶಕ್ತಿಯನ್ನು ನೇರ ಶಾಖವಾಗಿ ಬಿಡುತ್ತದೆ. ಮೊದಲು ಬಿಸಿಯಾಗುವುದು ಎದೆ, ಹೃದಯ, ಮಿದುಳು. ರಕ್ತವನ್ನು ಆಗ ಮೈಯ ಮುಂಭಾಗದಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಸ್ನಾಯುಗಳು ಒಂದಿಷ್ಟು ಬೆಚ್ಚಗಾದ ಮೇಲೆ ನಡುಕ ಶುರುವಾಗಿ ಅದೂ ಶಾಖ ಕೊಡುತ್ತದೆ. ಸೊಂಟದ ಕಡೆ ಕೊನೆಗೆ. ಐದು ಡಿಗ್ರಿಯಿಂದ 37ಕ್ಕೆ ಏರಲು ಅರ್ಧದಿಂದ ಒಂದು ಗಂಟೆ ಬೇಕು. ಆಮೇಲೆ ಕೆಲವು ಗಂಟೆ ಎಚ್ಚರ, ಮತ್ತೆ ತಣ್ಣಗಾಗುವುದು.

ಕೆನಡಾದಲ್ಲಿ 1990ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಹೀಗೆ ಒಂದು ಸಲ ಎದ್ದು ಮಲಗಲು ಸುಮಾರು 108 ಮಿಲಿಗ್ರಾಂ ಕೊಬ್ಬು ಬೇಕು. ಅಷ್ಟು ಕೊಬ್ಬಿನಲ್ಲಿ ಅದೇ ಬಾವಲಿ ಜಡಸ್ಥಿತಿಯಲ್ಲಿ 67 ದಿನ ಇರಬಹುದಿತ್ತು. ಈಗ ಲೆಕ್ಕ ಹಾಕೋಣ, ವಿದ್ಯಾರ್ಥಿಗಳು ಬರೆದುಕೊಳ್ಳಿ. ಜಡಸ್ಥಿತಿಯ ದಿನಕ್ಕೆ ಸುಮಾರು 1.6 ಮಿಲಿಗ್ರಾಂ. 180 ದಿನಕ್ಕೆ 290 ಮಿಲಿಗ್ರಾಂ. ಹದಿನೈದು ದಿನಕ್ಕೊಮ್ಮೆ ಎಚ್ಚರವಾದರೆ ಹನ್ನೆರಡು ಸಲ; ಹನ್ನೆರಡು ಗುಣಿಸು 108, ಅಂದರೆ 1,300 ಮಿಲಿಗ್ರಾಂ. ಎರಡೂ ಕೂಡಿ 1,590. ಎರಡು ಗ್ರಾಂನಲ್ಲಿ ಉಳಿದದ್ದು 410 ಮಿಲಿಗ್ರಾಂ. ಆರು ತಿಂಗಳಲ್ಲಿ ಒಟ್ಟು ಎರಡು ದಿನಕ್ಕಿಂತ ಹೆಚ್ಚು ಎಚ್ಚರವಿರದ ಪ್ರಾಣಿ ತನ್ನ ಖರ್ಚಿನ ನೂರಕ್ಕೆ ಎಂಬತ್ತು ಪಾಲನ್ನು ಆ ಎಚ್ಚರಕ್ಕೇ ಕೊಡುತ್ತದೆ.

ಉಳಿದ 410 ಮಿಲಿಗ್ರಾಂ ಎಂದರೆ ಇನ್ನು ಮೂರು ಎಚ್ಚರಕ್ಕೆ ಸಾಕು, ನಾಲ್ಕನೆಯದಕ್ಕೆ ಸಾಲದು. ಈ ಮಾತನ್ನು ಇಲ್ಲೇ ಇಟ್ಟುಕೊಂಡಿರಿ.

ಇಷ್ಟು ದುಬಾರಿಯಾದರೆ ಏಳುವುದೇ ಏಕೆ? ಇದರಲ್ಲಿ ವಿಜ್ಞಾನಿಗಳಿಗೆ ಪೂರ್ತಿ ಒಮ್ಮತವಿಲ್ಲ. ನೀರು ಕುಡಿಯುವುದು ಒಂದು ಕಾರಣ. ಒಣ ಗಾಳಿಯಲ್ಲಿ ಹೆಚ್ಚು ಸಲ ಏಳುವುದು ಅದಕ್ಕೆ ಪುಷ್ಟಿ ಕೊಡುತ್ತದೆ. ಮೂತ್ರ, ಕಶ್ಮಲ ಹೊರಹಾಕಬೇಕು. ಜಡಸ್ಥಿತಿಯಲ್ಲಿ ರೋಗನಿರೋಧಕ ವ್ಯವಸ್ಥೆಯೂ ಮಂಕಾಗಿರುತ್ತದೆ, ಅದಕ್ಕೆ ಆಗಾಗ ಚಾಲನೆ ಬೇಕು. ಜಡಸ್ಥಿತಿಯ ಮಿದುಳು ನಿಜವಾದ ನಿದ್ದೆ ಮಾಡದ ಕಾರಣ ನಿದ್ದೆ ಮಾಡಲೆಂದೇ ಎಚ್ಚರವಾಗುತ್ತದೆ ಎನ್ನುವ ವಾದವೂ ಇದೆ, ಕೇಳಲು ತಮಾಷೆಯಾದರೂ.

ಎಚ್ಚರವಿದ್ದಾಗ ಕೆಲವು ಗಂಡುಗಳು ಜಡವಾಗಿರುವ ಹೆಣ್ಣುಗಳೊಂದಿಗೆ ಕೂಡುವುದೂ ಉಂಟು. ಮುಖ್ಯ ಕೂಡುವಿಕೆ ಶರತ್ಕಾಲದಲ್ಲೇ ಮುಗಿದಿರುತ್ತದೆ, ಆದರೆ ಗರ್ಭ ಕಟ್ಟುವುದು ವಸಂತದಲ್ಲಿ. ಅಲ್ಲಿಯವರೆಗೆ ವೀರ್ಯ ಹೆಣ್ಣಿನ ಗರ್ಭಕೋಶದಲ್ಲೇ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಹಾಗಾಗಿ ಗುಹೆಯಿಂದ ಹೊರಬಂದ ಕೂಡಲೇ ಗರ್ಭ ಶುರು, ಹುಳುಗಳು ಹೇರಳವಾಗಿರುವ ಜೂನ್‌ನಲ್ಲಿ ಮರಿ. ಇದು ಹಿಮದ ನಾಡಿಗೆ ಮಾತ್ರ ಸೀಮಿತವಲ್ಲ. ನಮ್ಮ ದೇಶದ ಊರುಗಳಲ್ಲಿ ಸಾಮಾನ್ಯವಾದ ಏಷ್ಯಾದ ದೊಡ್ಡ ಹಳದಿ ಬಾವಲಿಯಲ್ಲೂ ಹೀಗೆಯೇ ಎಂದು ವಾರಣಾಸಿಯಲ್ಲಿ ನಡೆದ ಅಧ್ಯಯನಗಳು ತೋರಿಸಿವೆ: ಚಳಿಗಾಲಕ್ಕೆ ಮುಂಚೆ ಕೊಬ್ಬು ಏರಿಸಿಕೊಳ್ಳುತ್ತದೆ, ಜನವರಿಯಲ್ಲಿ ಕೂಡುತ್ತದೆ, ಅಂಡ ಬಿಡುಗಡೆಯಾಗುವುದು ಮಾರ್ಚ್‌ನಲ್ಲಿ.

ಈಗ ಆ ಮೂರು ಎಚ್ಚರದ ಮಾತಿಗೆ ಮರಳೋಣ. ಗುಹೆಗೆ ಯಾರೋ ಬರುತ್ತಾರೆ. ಒಳ್ಳೆಯವರೇ, ಮುಟ್ಟುವುದಿಲ್ಲ, ಕಲ್ಲು ಎಸೆಯುವುದಿಲ್ಲ, ನೋಡಿ ಹೊರಡುತ್ತಾರೆ. 1995ರ ಒಂದು ಅಧ್ಯಯನ ಇಂಥ ಭೇಟಿಗಳ ನಂತರ ಗುಹೆಯಲ್ಲಿ ಬಾವಲಿಗಳ ಹಾರಾಟ ಹೇಗೆ ಬದಲಾಯಿತು ಎಂದು ದಾಖಲಿಸಿತು. ಅರ್ಧ ಗಂಟೆಯೊಳಗೆ ಹಾರಾಟ ಏರತೊಡಗಿ, ಕೆಲವೊಮ್ಮೆ ಎಂಟು ಗಂಟೆಗೂ ಮೀರಿ ಹೆಚ್ಚಾಗಿಯೇ ಇತ್ತು. ಎದ್ದ ಬಾವಲಿ ಪಕ್ಕದ್ದನ್ನು ತಾಗಿ ಎಬ್ಬಿಸುತ್ತದೆ, ಅದು ಇನ್ನೊಂದನ್ನು. ಬಿಸಿಯಾಗಲು ಹೊತ್ತು ಬೇಕಲ್ಲ, ಆದ್ದರಿಂದ ಬಂದವರು ಬಾಯಿ ದಾಟುವ ತನಕ ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಏನೂ ತೊಂದರೆ ಮಾಡಲಿಲ್ಲ ಅಂತ ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದು: ಹಾನಿ ಮಾಡಿದವರ ಕಣ್ಣಿಗೆ ಹಾನಿ ಬೀಳುವುದೇ ಇಲ್ಲ.

ಇದೇ ಲೆಕ್ಕ ಎಷ್ಟು ಭಯಂಕರವಾಗಬಹುದು ಎನ್ನುವುದು 2006ರ ಚಳಿಗಾಲದಲ್ಲಿ ತಿಳಿಯತೊಡಗಿತು. ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ ಮೂತಿಯ ಮೇಲೆ ಬಿಳಿ ಬೂಷ್ಟು ಬಂದ ಬಾವಲಿಗಳ ಚಿತ್ರ ಸಿಕ್ಕಿತು. ಬಿಳಿಮೂಗಿನ ರೋಗ ಅಂತ ಹೆಸರಾಯಿತು. ಕಾರಣ ಚಳಿಯನ್ನು ಮೆಚ್ಚುವ ಒಂದು ಶಿಲೀಂಧ್ರ. ಹನ್ನೆರಡರಿಂದ ಹದಿನಾರು ಡಿಗ್ರಿ ಅದಕ್ಕೆ ಹಿತ, ಇಪ್ಪತ್ತರ ಮೇಲೆ ಬೆಳೆಯದು. ಎಚ್ಚರದ ಬಾವಲಿಯ ಬಿಸಿ ಮೈಯಲ್ಲಿ ಅದಕ್ಕೆ ಜಾಗವಿಲ್ಲ. ಜಡಸ್ಥಿತಿಯ ತಣ್ಣನೆ ಮೈ, ಮಂಕಾದ ರೋಗನಿರೋಧ, ಒದ್ದೆ ಗಾಳಿ, ಮೂರೂ ಒಟ್ಟಿಗೆ ಸಿಕ್ಕಿದರೆ ಹಬ್ಬ. ಅದು ರೆಕ್ಕೆಯ ತೊಗಲನ್ನು ಕೊರೆಯುತ್ತದೆ, ನೀರು ಸೋರುತ್ತದೆ, ಬಾವಲಿ ಪದೇ ಪದೇ ಏಳುತ್ತದೆ. ಹದಿನೈದು ದಿನಕ್ಕೊಮ್ಮೆ ಏಳುವ ಬದಲು ಎಂಟು ದಿನಕ್ಕೊಮ್ಮೆ ಎದ್ದರೆ ಏನಾಗುತ್ತದೆ, ನೀವೇ ಹಾಕಿ ನೋಡಿ: ದಿನಕ್ಕೆ ಸರಾಸರಿ 15 ಮಿಲಿಗ್ರಾಂ ಖರ್ಚು, ಎರಡು ಗ್ರಾಂ ಮುಗಿಯುವುದು 132ನೆಯ ದಿನದ ಸುಮಾರಿಗೆ. ಅಕ್ಟೋಬರ್ ನಡುವಿನಿಂದ ಎಣಿಸಿದರೆ ಫೆಬ್ರವರಿ ಕೊನೆಯ ವಾರ. ಹೊರಗೆ ಇನ್ನೂ ಹಿಮ. ಹಾಡಹಗಲೇ ಗುಹೆಯಿಂದ ಹೊರಗೆ ಬಂದು ಹಿಮದ ಮೇಲೆ ಬಿದ್ದು ಸತ್ತ ಬಾವಲಿಗಳು ಕಾಣಿಸಿದ್ದೂ ಅಂಥ ದಿನಗಳಲ್ಲೇ. ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ 2012ರಲ್ಲಿ ಕೊಟ್ಟ ಅಂದಾಜು ಕನಿಷ್ಠ 57 ಲಕ್ಷ ಸಾವು. ಯುರೋಪಿನ ಬಾವಲಿಗಳ ಮೇಲೂ ಅದೇ ಶಿಲೀಂಧ್ರ ಇದೆ, ಅವು ಹೀಗೆ ಸಾಯುತ್ತಿಲ್ಲ.

ಗುಹೆಯೇ ಬೇಕೆಂದೂ ಇಲ್ಲ, ಒಂದು ನಿಮಿಷ ಆಚೆ ಹೋಗಿ ಹೇಳುತ್ತೇನೆ. ಜಪಾನಿನ ಉಸ್ಸೂರಿ ನಳಿಗೆಮೂಗಿನ ಬಾವಲಿ ಹಿಮದೊಳಗೇ ಸಣ್ಣ ಪೊಳ್ಳು ಮಾಡಿಕೊಂಡು ಉಂಡೆಯಾಗಿ ಮಲಗುತ್ತದೆ. ವಸಂತದಲ್ಲಿ ಹಿಮ ಕರಗಿದಾಗ ಬಯಲಾಗುತ್ತದೆ. ಅಮೆರಿಕದ ಕೆಂಪು ಬಾವಲಿ ತರಗೆಲೆಯಡಿ ಸೇರುತ್ತದೆ, ಕೂದಲು ತುಂಬಿದ ಬಾಲದ ತೊಗಲನ್ನು ಹೊದ್ದುಕೊಂಡು. ಇನ್ನು ಇಲಿಬಾಲದ ಬಾವಲಿ ಚಳಿಯ ನಿಯಮವನ್ನೇ ಮುರಿದಿದೆ. ಇಸ್ರೇಲಿನಲ್ಲಿ ಭೂಮಿಯ ಒಳಬಿಸಿಯಿಂದ ಇಪ್ಪತ್ತು ಡಿಗ್ರಿಯಲ್ಲಿರುವ ಗುಹೆಗಳಲ್ಲಿ ಅದು ಶಿಶಿರನಿದ್ರೆ ಮಾಡುತ್ತದೆ. ಅಂದರೆ ಮೂಲ ಸಂಗತಿ ಚಳಿಯಲ್ಲ, ಆಹಾರದ ಕೊರತೆ. ಈ ಗುಂಪಿನ ಬಾವಲಿಗಳು ಭಾರತದ ಒಣ ಸೀಮೆಗಳಲ್ಲೂ ಇವೆ.

ಹಾಗಾದರೆ ನಮ್ಮ ಮಲೆನಾಡು? ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಜನವರಿಯಲ್ಲೂ ಹುಳು ಪೂರ್ತಿ ಇಲ್ಲದಂತೆ ಆಗುವುದಿಲ್ಲ. ಆರು ತಿಂಗಳ ನಿದ್ರೆಗೆ ಇಲ್ಲಿ ಕಾರಣವಿಲ್ಲ. ದೊಡ್ಡ ಹಣ್ಣುಬಾವಲಿಯಂತೂ ಒಂದು ಕಿಲೋ ಮುಟ್ಟುವ ಪ್ರಾಣಿ. ರೆಕ್ಕೆ ಸುತ್ತಿಕೊಂಡು ಚಳಿ ತಡೆಯುತ್ತದೆ, ಸೆಖೆಯಲ್ಲಿ ಅದೇ ರೆಕ್ಕೆಯಿಂದ ಬೀಸಿಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೆ ನಿಮ್ಮ ತೋಟದಲ್ಲಿ ಹಣ್ಣು ಚೀಪಿ ಬೀಜ ಉಗುಳಿ ಹೋಗುವ ಹಣ್ಣುಬಾವಲಿಗಳೂ ಆ ಕಾಲದಲ್ಲಿ ಚಟುವಟಿಕೆಯಿಂದಲೇ ಇರುತ್ತವೆ. ಜಡಸ್ಥಿತಿಯ ವಿಷಯ ಬರುವುದು ಮೂರು ನಾಲ್ಕು ಗ್ರಾಂ ತೂಗುವ ಪಿಪಿಸ್ಟ್ರೆಲ್‌ನಂಥ ಕೀಟಾಹಾರಿಗಳಲ್ಲಿ.

ಇಂಥ ಪುಟ್ಟ ಬಾವಲಿ ತಣ್ಣನೆಯ ರಾತ್ರಿ ಸಾಕಷ್ಟು ಹುಳು ಸಿಗದೆ ಬೆಳಗಿನ ಜಾವ ಹೆಂಚಿನಡಿ ಸೇರುತ್ತದೆ. ಮೈ ತಣ್ಣಗಾಗಲು ಬಿಡುತ್ತದೆ. ಹತ್ತು ಹನ್ನೊಂದು ಗಂಟೆಗೆ ಬಿಸಿಲು ಹೆಂಚನ್ನು ಕಾಯಿಸಿದರೆ ಅದರೊಂದಿಗೆ ಬಾವಲಿಯೂ ಬೆಚ್ಚಗಾಗುತ್ತದೆ. ಏರಬೇಕಾದ ಹತ್ತಿಪ್ಪತ್ತು ಡಿಗ್ರಿಯಲ್ಲಿ ಹೆಚ್ಚಿನದು ಬಿಸಿಲಿನ ಲೆಕ್ಕಕ್ಕೆ, ತನ್ನ ಕೊಬ್ಬಿನಿಂದ ಕೊನೆಯ ಕೆಲವು ಡಿಗ್ರಿ ಮಾತ್ರ. ಗುಹೆಯ ಬಾವಲಿಗೆ ಇಲ್ಲದ ಸೌಲಭ್ಯ ಇದು. ಹಳೆಯ ಹೆಂಚಿನ ಮನೆ, ಕಾಫಿ ಗೋದಾಮು, ಲೈನ್‌ಮನೆಗಳ ಮಾಡು ಇವಕ್ಕೆ ಏಕೆ ಇಷ್ಟ ಎನ್ನುವುದಕ್ಕೆ ಇದೂ ಒಂದು ಉತ್ತರ. ಕಾಂಕ್ರೀಟ್ ತಾರಸಿಯಲ್ಲಿ ಅಂಥ ಸಂದಿ ಇಲ್ಲ. ತಗಡಿನ ಮಾಡಿನಡಿ ಮಧ್ಯಾಹ್ನ ಸುಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಲೆನಾಡಿನ ಪುಟ್ಟ ಬಾವಲಿಗೆ ಡಿಸೆಂಬರ್‌ಗಿಂತ ಕಷ್ಟದ ಕಾಲ ಜುಲೈ. ದಿನಗಟ್ಟಲೆ ಸುರಿಯುವ ಮಳೆಯಲ್ಲಿ ಹುಳು ಹಾರುವುದಿಲ್ಲ, ಹನಿಗಳ ಸದ್ದಿನಲ್ಲಿ ತನ್ನ ಪ್ರತಿಧ್ವನಿ ಕೇಳುವುದು ಕಷ್ಟ, ಮೈ ನೆನೆದರೆ ಹಾರಾಟಕ್ಕೆ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕು ಎಂದು ಮಧ್ಯ ಅಮೆರಿಕದ ಒಂದು ಬಾವಲಿಯ ಮೇಲೆ ಮಾಡಿದ ಪ್ರಯೋಗ ತೋರಿಸಿದೆ. ಹೆಂಚು ಕಾಯಿಸಲು ಬಿಸಿಲೂ ಇಲ್ಲ. ಹಸಿವಿನ ಅಂಥ ದಿನಗಳನ್ನು ದಾಟಿಸಲು ಜಡಸ್ಥಿತಿಗಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಬಸುರಿಗೆ, ಮೊಲೆಯುಣಿಸುವ ತಾಯಿಗೆ ಅದು ದುಬಾರಿ: ಮೈ ತಣ್ಣಗಾದಾಗ ಭ್ರೂಣದ ಬೆಳವಣಿಗೆ ನಿಧಾನವಾಗುತ್ತದೆ, ಹಾಲು ಕಡಿಮೆಯಾಗುತ್ತದೆ.

ಈಗ ನಿಮ್ಮ ಕೈಗೆ ಬರುವ ಸಂದರ್ಭಗಳು. ಚಳಿಯ ಬೆಳಿಗ್ಗೆ ಕಣದಲ್ಲೋ ಜಗಲಿಯಲ್ಲೋ ಕಣ್ಕಪ್ಪಡಿಯೊಂದು ತಣ್ಣಗೆ ಬಿದ್ದಿದೆ. ಸತ್ತಿದೆ ಅಂತ ಗುಡಿಸಿ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ದಪ್ಪ ಬಟ್ಟೆಯಲ್ಲೋ ಕೈಗವಸಿನಲ್ಲೋ ಎತ್ತಿ, ಗಾಳಿಗೆ ಸಣ್ಣ ತೂತು ಮಾಡಿದ ಚಪ್ಪಲಿ ಡಬ್ಬಿಯಲ್ಲಿಡಿ. ಒಳಗೆ ಒಂದು ಬದಿಗೆ ಹತ್ತಿಬಟ್ಟೆ ಇಳಿಬಿಡಿ, ಹಿಡಿದು ನೇತಾಡಲಿ. ಬಾಟಲಿ ಮುಚ್ಚಳದಷ್ಟು ನೀರು ಸಾಕು. ಒಲೆಯ ಪಕ್ಕ, ಬಲ್ಬಿನ ಕೆಳಗೆ ಇಟ್ಟು ಬಿಸಿ ಮಾಡಬೇಡಿ. ಮೈ ಒಳಗಿನಿಂದ ಏರುವ ಮೊದಲು ಹೊರಗಿನಿಂದ ಜೋರಾಗಿ ಕಾಯಿಸಿದರೆ ರೆಕ್ಕೆ ಒಣಗುತ್ತದೆ, ಪ್ರಾಣಿ ಬಳಲುತ್ತದೆ. ನೆರಳಿನಲ್ಲಿ, ಬೆಕ್ಕಿಗೆ ಸಿಗದ ಕಡೆ ಬಿಡಿ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ನಡುಗತೊಡಗಿದರೆ ಹೆದರಬೇಡಿ, ಅದು ಬಿಸಿಯಾಗುವ ಲಕ್ಷಣ. ಸಂಜೆ ಕತ್ತಲಾದ ಮೇಲೆ ಡಬ್ಬಿಯನ್ನು ಮರದ ಕಾಂಡಕ್ಕೋ ಗೋಡೆಗೋ ತಲೆ ಎತ್ತರದಲ್ಲಿ ಒರಗಿಸಿ ಮುಚ್ಚಳ ತೆಗೆಯಿರಿ. ಇವುಗಳಲ್ಲಿ ಬಹಳಷ್ಟಕ್ಕೆ ನೆಲದಿಂದ ಏಳಲು ಕಷ್ಟ, ಎತ್ತರದಿಂದ ಜಾರಿ ಹಾರುತ್ತವೆ. ಗಾಳಿಗೆ ಎಸೆದರೆ ನೆಲಕ್ಕೆ ಬೀಳುತ್ತದೆ ಅಷ್ಟೆ. ಕಚ್ಚಿದರೆ ಅಥವಾ ಗೀರಿದರೆ, ಗಾಯ ಕಾಣದಷ್ಟು ಸಣ್ಣದಿದ್ದರೂ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ವಿಚಾರ ಕೇಳಿ.

ಮನೆಯ ಮಾಡಿನಿಂದ ಬಾವಲಿ ಹೋಗಬೇಕು ಅನ್ನುವವರೂ ಇದ್ದೀರಿ, ಅದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಸಮಯ ಮತ್ತು ಕ್ರಮದಲ್ಲಿ. ಹಗಲು ಸಂದಿಗೆ ಸಿಮೆಂಟ್ ಮೆತ್ತಿದರೆ ಒಳಗಿದ್ದದ್ದೆಲ್ಲ ಅಲ್ಲೇ ಸತ್ತು ವಾರದಲ್ಲಿ ನಾರುತ್ತದೆ. ಸಂಜೆ ಮೆತ್ತಿದರೂ ಚಳಿಯ ವಾರದಲ್ಲಿ ಅದೇ ಗತಿ, ಏಕೆಂದರೆ ತೀರ ತಣ್ಣನೆಯ ರಾತ್ರಿ ಕೆಲವು ಜಡವಾಗಿ ಒಳಗೇ ಉಳಿದಿರುತ್ತವೆ. ಮರಿಯ ಕಾಲದಲ್ಲಿ ತಾಯಿ ಹೊರಗೆ, ಮರಿ ಒಳಗೆ. ನಮ್ಮ ಕಡೆ ಬಹುಪಾಲು ಕೀಟಾಹಾರಿ ಬಾವಲಿಗಳು ಮುಂಗಾರಿನ ಆಸುಪಾಸು ಮರಿ ಹಾಕುವುದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಹಚ್ಚಬೇಡಿ. ಡಿಸೆಂಬರ್, ಜನವರಿಯನ್ನೂ ಬಿಡಿ. ಅಕ್ಟೋಬರ್–ನವೆಂಬರ್ ಅಥವಾ ಫೆಬ್ರವರಿ ಕೊನೆಯಿಂದ ಮಾರ್ಚ್ ಒಳ್ಳೆಯದು. ಎರಡು ಮೂರು ಸಂಜೆ ಕೂತು ಎಲ್ಲಿಂದ ಹೊರಡುತ್ತವೆ ನೋಡಿ. ಆ ಸಂದಿಯ ಮೇಲಂಚಿಗೆ ಮತ್ತು ಎರಡು ಬದಿಗೆ ಸಣ್ಣ ಕಣ್ಣಿನ ಬಲೆ ಹೊಡೆದು ಕೆಳಗೆ ಅರ್ಧ ಮೀಟರಿನಷ್ಟು ಸಡಿಲವಾಗಿ ಇಳಿಬಿಡಿ. ಹೊರಡುವ ಬಾವಲಿ ಕೆಳಗೆ ತೆವಳಿ ಹಾರುತ್ತದೆ, ಬರುವಾಗ ನೇರ ಸಂದಿಗೆ ಇಳಿಯಲು ನೋಡಿ ದಾರಿ ಸಿಗದೆ ಬೇರೆ ಕಡೆ ಹೋಗುತ್ತದೆ. ಒಂದು ವಾರ ಹಾಗೇ ಬಿಟ್ಟು, ಯಾವುದೂ ಹೊರಡುತ್ತಿಲ್ಲ ಎಂದು ಖಚಿತವಾದ ಮೇಲೆ ಮುಚ್ಚಿ. ಒಂದು ಸೆಂಟಿಮೀಟರಿಗಿಂತ ಅಗಲದ ಸಂದಿ ಒಂದೂ ಉಳಿಯಬಾರದು.

ಬೇಲೂರು, ಹಳೇಬೀಡಿನ ಸುತ್ತ ಹಳ್ಳಿಗಳಲ್ಲಿರುವ ಪಾಳುಗುಡಿಗಳ ಕತ್ತಲ ಒಳಗೋಡೆಗಳ ಬಗ್ಗೆಯೂ ಕೇಳಿದಿರಿ. ಅಲ್ಲಿ ಹೊಗೆ ಹಾಕುವುದು, ಪಟಾಕಿ ಸಿಡಿಸುವುದು ರೂಢಿ. ಹೊಗೆಗೆ ಎಲ್ಲವೂ ಒಮ್ಮೆಗೇ ಹಗಲಿನಲ್ಲಿ ಹೊರಗೆ ಬಂದು ಹದ್ದು ಕಾಗೆಗಳಿಗೆ ಸಿಗುತ್ತವೆ, ಉಳಿದವು ವಾರದೊಳಗೆ ಮರಳುತ್ತವೆ, ಕಲ್ಲಿಗೆ ಮಸಿ ಮಾತ್ರ ಶಾಶ್ವತ. ಗುಡಿಸುವ ಕೆಲಸವಿದ್ದರೆ ಕತ್ತಲಾಗಿ ಒಂದು ಗಂಟೆ ಕಳೆದ ಮೇಲೆ, ಅವು ಮೇಯಲು ಹೋದಾಗ ಮಾಡಿ. ಒಣಗಿದ ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ ಇರಬಹುದಾದ್ದರಿಂದ ಮೊದಲು ನೀರು ಚಿಮುಕಿಸಿ, ಎನ್95 ಮುಖಗವಸು ಹಾಕಿಕೊಂಡೇ ಪೊರಕೆ ಹಿಡಿಯಿರಿ. ಬಾಚಿದ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಸುರಿಯಬೇಡಿ, ಸಾರಜನಕ ಹೆಚ್ಚಿರುವುದರಿಂದ ಎಳೆ ಗಿಡ ಸುಡುತ್ತದೆ; ತಿಪ್ಪೆಗೆ ಬೆರೆಸಿ ಕೊಳೆಸಿದ ಮೇಲೆ ಕಾಫಿಗೂ ಮೆಣಸಿಗೂ ಹಾಕಬಹುದು.